ಒರೆಗಲ್ಲಿಗೆ ಸಿಗದ ರೂಪಾಯಿ

ಮದುವೆಯ ಮಾತುಕತೆಗೆ ಮುಂಚೆ ಜಾತಕದೊಡನೆ ಒಂದು ಭಾವಚಿತ್ರವನ್ನೂ ಕಳುಹಿಸಿಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಭಾವಚಿತ್ರದಲ್ಲಿ ವರನ ತಲೆಯ ಮೇಲೆ ಸಮೃದ್ಧವಾಗಿ ಕಾಣುತ್ತಿದ್ದ ಕೇಶರಾಶಿಯು, ಆತನು ಹೆಣ್ಣು ನೋಡಲು ಬಂದು ಜಮಖಾನೆಯ ಮೇಲೆ ಕುಳಿತ ಹೊತ್ತಿಗೆ ಅರ್ಧಕ್ಕರ್ಧ ಮಾಯವಾಗಿರುವುದುಂಟು. ವಿಚಾರಿಸಿದರೆ ಚಿತ್ರದಲ್ಲಿ ಸುಳ್ಳೇನೂ ಇರುವುದಿಲ್ಲ. ಅದು ಆತನದೇ ಚಿತ್ರ; ಏಳೆಂಟು ವರ್ಷಗಳ ಹಿಂದೆ, ಒಳ್ಳೆಯ ಬೆಳಕಿನಲ್ಲಿ, ಒಂದು ಮಗ್ಗುಲಿನಿಂದ ತೆಗೆಸಿದುದು, ಅಷ್ಟೆ. ಹೆಣ್ಣಿನ ಕಡೆಯವರಿಗೆ ಒಂದು ಸಮಾಧಾನವಾದರೂ ಉಂಟು: ತಾಂಬೂಲ ಬದಲಾಯಿಸುವುದಕ್ಕೆ ಮೊದಲು ವರನನ್ನು ಕಣ್ಣಾರೆ ನೋಡಬಹುದು. ಹಳೆಯ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸಿಗಳಿಗೆ ಇಂದು ಆ ಸಮಾಧಾನವೂ ಇಲ್ಲ. ನಾಣ್ಯ ಎಲ್ಲಿಯೋ, ಮಾರುವವನು ಎಲ್ಲಿಯೋ. ಕೊಳ್ಳುವವನ ಅಂಗೈಯಲ್ಲಿ ಇರುವುದು ಮೊಬೈಲ್ ಫೋನಿನ ಪರದೆಯ ಮೇಲೆ ಮೂಡಿದ ಎರಡು ಚಿತ್ರಗಳು ಮಾತ್ರ. ಹಣವು ಮೊದಲು ಹೋಗುತ್ತದೆ. ವರನು ಆಮೇಲೆ ಅಂಚೆಯಲ್ಲಿ ಬರುತ್ತಾನೆ.

ಬೆಂಗಳೂರಿನ ಬಸವನಗುಡಿಯಲ್ಲಿ ವಾಸವಾಗಿರುವ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಒಬ್ಬ ಗೃಹಸ್ಥರನ್ನು ಓದುಗರು ಕಲ್ಪಿಸಿಕೊಳ್ಳಲಿ. ಇಂಥವರು ಬೀದಿಗೊಬ್ಬರು ಇದ್ದಾರೆ, ಹೆಸರಿನ ಅಗತ್ಯವಿಲ್ಲ. ಅವರು ಐದನೆಯ ಜಾರ್ಜ್ ದೊರೆಯ ಬೆಳ್ಳಿಯ ರೂಪಾಯಿಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸುತ್ತ ಬಂದಿದ್ದಾರೆ. ರಟ್ಟಿನ ಪುಸ್ತಕದಲ್ಲಿ ಒಂದೊಂದು ಇಸವಿಗೆ ಒಂದೊಂದು ಗೂಡು. ಮೊದಲನೆಯ ಗೂಡೇ ಖಾಲಿ. ಅದು 1911ರ ಗೂಡು. ಒಂದು ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಆ ರೂಪಾಯಿಯ ಚಿತ್ರ ಕಾಣಿಸಿಕೊಳ್ಳುತ್ತದೆ. ಬೆಳ್ಳಗೆ, ಫಳಫಳನೆ, ಈಗತಾನೆ ಟಂಕಸಾಲೆಯಿಂದ ಹೊರಬಂದಂತೆ ಇದೆ. ‘ಒಂದು ದಿನವೂ ಚಲಾವಣೆಯಾಗದ ಅಪರೂಪದ ನಾಣ್ಯ’ ಎಂದು ಕೆಳಗೆ ಬರೆದಿದೆ. ಕೇಳಿರುವ ಬೆಲೆಯು ಅವರ ಒಂದು ತಿಂಗಳ ವಿಶ್ರಾಂತಿ ವೇತನಕ್ಕೆ ಸಮ. ಮಳೆಗಾಲಕ್ಕೆ ಮುಂಚೆ ಮಹಡಿಯ ತಾರಸಿ ಸೋರುವುದನ್ನು ಸರಿಪಡಿಸಲೆಂದು ತೆಗೆದಿರಿಸಿದ ಹಣವೂ ಹೆಚ್ಚು ಕಡಿಮೆ ಅಷ್ಟೇ ಇದೆ.

“ಏನೂಂದ್ರೆ, ಆ ದೊರೆ ಮುಖಾನೇ ಎಷ್ಟು ಹೊತ್ತು ನೋಡ್ತೀರಿ? ಮಲಗಬಾರದೆ?” ಎನ್ನುತ್ತಾರೆ ಮನೆಯಾಕೆ.

ದೊರೆಯ ಮುಖವನ್ನು ಅಷ್ಟು ಹೊತ್ತು ನೋಡುವುದಕ್ಕೆ ಕಾರಣವಿದೆ. 1911ರ ರೂಪಾಯಿ ಒಂದು ತಪ್ಪಿನಿಂದ ಹೆಸರಾದ ನಾಣ್ಯ. ಅದರ ಮೇಲೆ ಐದನೆಯ ಜಾರ್ಜ್ ದೊರೆಯು ಕಿರೀಟವನ್ನೂ ರಾಜಯೋಗ್ಯವಾದ ನಿಲುವಂಗಿಯನ್ನೂ ಧರಿಸಿ, ಎಡಕ್ಕೆ ಮುಖಮಾಡಿದ್ದಾನೆ. ನಿಲುವಂಗಿಯ ಮೇಲೆ ಇಂಡಿಯನ್ ಎಂಪೈರ್ ಎಂಬ ಪದವಿಯ ಕಂಠಮಾಲೆಯಿದೆ. ಆ ಮಾಲೆಯಲ್ಲಿ ಒಂದು ಪುಟ್ಟ ಆನೆ. ಈ ಆನೆಯ ಸೊಂಡಿಲು ಮೊಟಕಾಗಿಯೂ ಕಾಲುಗಳು ಗಿಡ್ಡವಾಗಿಯೂ ಬಂದುವು. ನೋಡಿದ ಜನಕ್ಕೆ ಅದು ಆನೆಯಂತೆ ಕಾಣಲಿಲ್ಲ, ಹಂದಿಯಂತೆ ಕಂಡಿತು. ಮುಸಲ್ಮಾನರಲ್ಲಿ ಇದರಿಂದ ಅಸಮಾಧಾನ ಹುಟ್ಟಿತು. ಸರ್ಕಾರವು ನಾಣ್ಯವನ್ನು ಹಿಂತೆಗೆದುಕೊಂಡಿತು. ಕಲ್ಕತ್ತ ಮತ್ತು ಮುಂಬಯಿಯ ಟಂಕಸಾಲೆಗಳಲ್ಲಿ ಅಚ್ಚಾದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಜನರ ಕೈಗೆ ಬಂದುವು ಸುಮಾರು 7 ಲಕ್ಷ ಎಂಬುದು ಪ್ರಸಿದ್ಧವಾದ ಲೆಕ್ಕ. ಉಳಿದುವು ಮತ್ತೆ ಕುಲುಮೆಗೆ ಹೋದುವು. 1912ರಲ್ಲಿ ಆನೆಗೆ ಒಪ್ಪವಾದ ಸೊಂಡಿಲನ್ನು ಕೊಟ್ಟು ಹೊಸ ಅಚ್ಚು ತಯಾರಿಸಿದರು. ಹೀಗೆ ಒಂದು ಗೇಣಿನಷ್ಟೂ ಅಲ್ಲ, ಒಂದು ಕೂದಲೆಳೆಯಷ್ಟು ಸೊಂಡಿಲಿನ ಕೊರತೆಯಿಂದ ‘ಹಂದಿ ರೂಪಾಯಿ’ಯು ಸಂಗ್ರಾಹಕರ ಪಾಲಿಗೆ ನಿಧಿಯಾಯಿತು.

ಆದರೆ ನಿಧಿಯ ಬೆಲೆ ಇಸವಿಯೊಂದರಿಂದಲೇ ನಿಂತಿಲ್ಲ. ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ರೂಪಾಯಿಗಳಲ್ಲಿ ಒಂದಕ್ಕೆ ಇನ್ನೊಂದರ ಹತ್ತರಷ್ಟು ಬೆಲೆ ಬರುವುದುಂಟು. ವ್ಯತ್ಯಾಸವಿರುವುದು ನಾಣ್ಯದ ಸ್ಥಿತಿಯಲ್ಲಿ. ಸವೆದಿದೆಯೆ, ಇಲ್ಲವೆ, ತಿಕ್ಕಿದ್ದಾರೆಯೆ, ಇಲ್ಲವೆ, ಯಾರಾದರೂ ಕೊರೆದು ಬೆಸೆದಿದ್ದಾರೆಯೆ, ಇಲ್ಲವೆ — ಇದೇ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಪರೀಕ್ಷಿಸುವ ಅಧಿಕಾರಿಗೆ ‘ರೂಪದರ್ಶಕ’ ಎಂಬ ಹೆಸರಿದೆ. ಅನಂತರದ ಶತಮಾನಗಳಲ್ಲಿ ಈ ಕೆಲಸ ನಮ್ಮ ಪೇಟೆಗಳ ಚಿನಿವಾರರದಾಯಿತು. ಮೊಗಲರ ಕಾಲದಲ್ಲಿ ಹೊಸ ರೂಪಾಯಿಗೆ ಪೂರ್ಣ ಬೆಲೆ. ಒಂದೆರಡು ವರ್ಷ ಕೈಯಿಂದ ಕೈಗೆ ಓಡಾಡಿದ ರೂಪಾಯಿಗೆ ವಟ್ಟ ಮುರಿದುಕೊಂಡು ಬೆಲೆ. ಚಿನಿವಾರನು ನಾಣ್ಯವನ್ನು ಹೆಬ್ಬೆರಳ ಮೇಲಿಟ್ಟು ಚಿಮ್ಮಿಸಿ ಕಿವಿಯಿಂದ ಕೇಳುತ್ತಿದ್ದನು, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಗುರುತಿಸುತ್ತಿದ್ದನು, ತೂಗುತ್ತಿದ್ದನು, ಒರೆಗಲ್ಲಿಗೆ ತಿಕ್ಕುತ್ತಿದ್ದನು, ಸಂದೇಹ ತೀರದಿದ್ದರೆ ಸಣ್ಣ ಉಳಿಯಿಂದ ಒಂದು ಗುರುತು ಕಚ್ಚಿ ಒಳಗಿನ ಬೆಳ್ಳಿಯನ್ನೇ ನೋಡುತ್ತಿದ್ದನು. ಇಂದಿಗೂ ಹಳೆಯ ರೂಪಾಯಿಗಳ ಮೈಮೇಲೆ ಆ ಗುರುತುಗಳು ಸಿಡುಬಿನ ಕಲೆಗಳಂತೆ ಉಳಿದಿವೆ. ಕಣ್ಣು, ಕಿವಿ, ಬೆರಳು, ತಕ್ಕಡಿ, ಕಲ್ಲು ಎಂಬ ಐದು ಸಾಕ್ಷಿಗಳಲ್ಲಿ ನಾಲ್ಕನ್ನು ಛಾಯಾಚಿತ್ರವು ಕಿತ್ತುಕೊಂಡಿದೆ. ಉಳಿದ ಒಂದು ಸಾಕ್ಷಿಯಾದ ಕಣ್ಣೂ ಸಹ ಮತ್ತೊಬ್ಬನು ತೋರಿಸಿದ್ದನ್ನು ಮಾತ್ರ ನೋಡಬಲ್ಲುದು.

ಆ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು? ಅನನುಭವಿಯ ಕಣ್ಣು ಇಸವಿಗೆ ಹೋಗುತ್ತದೆ, ಇಲ್ಲವೆ ಹೊಳಪಿಗೆ. ಬಲ್ಲವರ ಕಣ್ಣು ಹೋಗುವುದು ನಾಣ್ಯದ ದಿಣ್ಣೆಗಳಿಗೆ. ನಾಣ್ಯವನ್ನು ಮೇಜಿನ ಮೇಲೆ ಸರಿಸಿದರೂ ಚೀಲದಲ್ಲಿ ಕುಲುಕಿದರೂ ಮೊದಲು ಉಜ್ಜಿಹೋಗುವುದು ಉಬ್ಬಿದ ಭಾಗ. ಐದನೆಯ ಜಾರ್ಜ್ ರೂಪಾಯಿಯಲ್ಲಿ ಕಿರೀಟದ ಮುತ್ತುಗಳು, ಕಿವಿಯ ಅಂಚು, ಮೀಸೆ, ನಿಲುವಂಗಿಯ ಕಸೂತಿ, ಮತ್ತು ಆ ಆನೆ — ಇವೇ ಸಾಕ್ಷಿಗಳು. ಕಿರೀಟದ ಮುತ್ತುಗಳು ಒಂದೊಂದಾಗಿ ಎಣಿಸುವಂತಿದ್ದರೆ ನಾಣ್ಯ ಹೆಚ್ಚು ತಿರುಗಾಡಿಲ್ಲ. ಮುತ್ತುಗಳೆಲ್ಲ ಕೂಡಿ ಒಂದು ಗೆರೆಯಾಗಿದ್ದರೆ, ಹೊಳಪು ಎಷ್ಟಿದ್ದರೂ, ಅದು ನಾಲ್ಕಾರು ಸಂತೆಗಳನ್ನು ಕಂಡ ನಾಣ್ಯ.

ಇಲ್ಲಿ ಒಂದು ತೊಡಕಿದೆ. ಉಬ್ಬುಭಾಗವು ಮಸಕಾಗಿ ಕಂಡ ಮಾತ್ರಕ್ಕೆ ಸವಕಳಿಯೆಂದು ತೀರ್ಮಾನಿಸಲಾಗದು. ಟಂಕಸಾಲೆಯಲ್ಲಿ ಒತ್ತಡ ಸಾಲದೆ ಅಚ್ಚು ಸರಿಯಾಗಿ ಬೀಳದಿದ್ದರೂ ಮುತ್ತುಗಳು ಮೂಡುವುದಿಲ್ಲ. ಹಾಗೆ ಹುಟ್ಟಿನಿಂದಲೇ ಮಸಕಾದ ಕಡೆಯಲ್ಲಿ ಲೋಹದ ಮೈ ತುಸು ತರಿತರಿಯಾಗಿದ್ದು, ಸುತ್ತಲಿನ ಕಾಂತಿಯೇ ಅಲ್ಲಿಯೂ ಹರಡಿರುತ್ತದೆ. ಸವೆದ ಕಡೆಯಲ್ಲಾದರೋ ಮೈ ನುಣುಪಾಗಿ, ಬಣ್ಣ ಬೇರೆಯಾಗಿ, ಬೂದಿಯ ಛಾಯೆ ಬಂದಿರುತ್ತದೆ. ಕೈಯಲ್ಲಿ ಹಿಡಿದು ಓರೆಮಾಡಿದರೆ ಇದು ಕ್ಷಣದಲ್ಲಿ ತಿಳಿಯುವ ವಿಷಯ. ಚಿತ್ರದಲ್ಲಿ ಇದನ್ನು ತಿಳಿಯುವುದು ಬಹಳ ಕಷ್ಟ.

ಯಂತ್ರದಲ್ಲಿ ಅಚ್ಚಾದ ನಾಣ್ಯಗಳ ಮಾತೇ ಹೀಗಿರುವಾಗ ಕೈಯಲ್ಲಿ ಬಡಿದ ನಾಣ್ಯಗಳ ಪಾಡು ಕೇಳುವುದೇ ಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಕನ್ನಡ ಅಕ್ಷರಗಳುಳ್ಳ ತಾಮ್ರದ ‘ಮಯಿಲಿ ಕಾಸು’ಗಳನ್ನು ನೋಡಿದವರಿಗೆ ಇದು ಗೊತ್ತು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬಡಿದ ಪೆಟ್ಟು ಒಂದು ಪಕ್ಕಕ್ಕೆ ಸರಿದರೆ ಬರಹದ ಅರ್ಧ ನಾಣ್ಯದ ಹೊರಗೇ ಉಳಿಯುತ್ತದೆ. ‘ಅಕ್ಷರಗಳಿಲ್ಲ, ಪೂರ್ತಿ ಸವೆದಿದೆ’ ಎಂದು ಅಂಥ ಕಾಸನ್ನು ತಿರಸ್ಕರಿಸುವವನು ಹುಟ್ಟದೇ ಇದ್ದ ಅಕ್ಷರಗಳಿಗಾಗಿ ಅಳುತ್ತಿದ್ದಾನೆ. ಟಿಪ್ಪುವಿನ ನಾಣ್ಯಗಳಲ್ಲಂತೂ ಇನ್ನೊಂದು ವಿಚಿತ್ರ: ಮೌಲೂದಿ ಶಕೆಯ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದನ್ನು ಅರಿಯದ ಮಾರಾಟಗಾರನು ಇಸವಿಯನ್ನೇ ತಲೆಕೆಳಗು ಮಾಡಿ ‘ಹಿಂದೆಂದೂ ಕಾಣದ ಇಸವಿ’ ಎಂದು ಸಾರುವುದುಂಟು. ಇದರಲ್ಲಿ ಮೋಸಕ್ಕಿಂತ ಅಜ್ಞಾನವೇ ಹೆಚ್ಚು.

ಇನ್ನು ಹೊಳಪಿನ ಮಾತು. ಬೆಳ್ಳಿಯ ಬಿಲ್ಲೆಯ ಮೇಲೆ ಅಚ್ಚು ಭಾರಿ ಒತ್ತಡದಿಂದ ಬಿದ್ದಾಗ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹೀಗೆ ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳಾಗಿ ನಾಣ್ಯದ ಮೈಯಲ್ಲಿ ಉಳಿಯುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಮೆಲ್ಲನೆ ಓರೆಮಾಡಿ ತಿರುಗಿಸಿದರೆ ಬಂಡಿಯ ಚಕ್ರದ ಅರೆಗಳಂತೆ ಎರಡು ಬೆಳಕಿನ ಪಟ್ಟಿಗಳು ಅದರ ಮೇಲೆ ಸುತ್ತುತ್ತವೆ. ಇದೇ ಹುಟ್ಟು ಹೊಳಪು. ನಾಣ್ಯವು ಸ್ವಲ್ಪ ಕಾಲ ಚಲಾವಣೆಯಾದರೂ ಈ ಗೆರೆಗಳು ಉಜ್ಜಿಹೋಗುತ್ತವೆ. ಒಮ್ಮೆ ಹೋದ ಮೇಲೆ ಬ್ರಹ್ಮನಿಂದಲೂ ಅದನ್ನು ಮರಳಿ ತರಿಸಲಾಗದು. ತಿಕ್ಕಿ ತರಿಸಿದ ಹೊಳಪು ಬೇರೆ ಜಾತಿಯದು. ಅದು ಸುತ್ತುವುದಿಲ್ಲ. ನಾಣ್ಯವನ್ನು ಹೇಗೆ ತಿರುಗಿಸಿದರೂ ಒಂದೇ ಸಮನೆ ಬೆಳ್ಳಗೆ ಮಿನುಗುತ್ತದೆ. ಆದರೆ ಚಿತ್ರವು ಒಂದು ನಿಮಿಷದ ನಿಂತ ನೋಟ. ಅದರಲ್ಲಿ ಚಕ್ರ ಸುತ್ತುವುದೆಂತು? ಅದರಿಂದಲೇ ತಿಳಿದವರು ಚಿತ್ರದ ಬದಲು, ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಮಾಡುತ್ತ ತೆಗೆದ ಅರ್ಧ ನಿಮಿಷದ ವಿಡಿಯೊ ಕೇಳುತ್ತಾರೆ. ಈಗಿನ ಫೋನುಗಳಲ್ಲಿ ಅದು ಮಕ್ಕಳ ಆಟ. ಅಷ್ಟನ್ನೂ ಕಳುಹಿಸಲೊಲ್ಲದ ಮಾರಾಟಗಾರನು ಬೇರೆ ಬಗೆಯಲ್ಲಿ ಉತ್ತರ ಕೊಟ್ಟಂತೆಯೇ.

ನಮ್ಮ ಮನೆಗಳಲ್ಲಿ ಈ ತಿಕ್ಕುವ ಕೆಲಸವು ಪುಣ್ಯಕಾರ್ಯ. ಹಬ್ಬ ಬಂದಿತೆಂದರೆ ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ ಇಲ್ಲವೆ ಅಂಟುವಾಳ. ವರಮಹಾಲಕ್ಷ್ಮಿಯ ಮುಂದೆ ಇಡುವ ಅಜ್ಜಿಯ ಕಾಲದ ರೂಪಾಯಿಗಳೂ ವರ್ಷಕ್ಕೊಮ್ಮೆ ಈ ಸ್ನಾನವನ್ನು ಪಡೆಯುತ್ತವೆ; ಆಮೇಲೆ ಅರಿಸಿನ ಕುಂಕುಮ. ಗೃಹಿಣಿಯ ದೃಷ್ಟಿಯಲ್ಲಿ ಕಪ್ಪಾದ ಬೆಳ್ಳಿ ಮೈಲಿಗೆ. ಸಂಗ್ರಾಹಕನ ದೃಷ್ಟಿಯಲ್ಲಿ ಆ ಕಪ್ಪೇ ನಾಣ್ಯದ ಜನ್ಮಪತ್ರಿಕೆ. ಗಾಳಿಯಲ್ಲಿರುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡಿ, ಮೊದಲು ಅಂಚಿನಲ್ಲಿ ಹೊಂಬಣ್ಣ, ಆಮೇಲೆ ನೇರಳೆ, ನೀಲಿ, ಕೊನೆಗೆ ಕಪ್ಪು — ಹೀಗೆ ಹತ್ತಾರು ವರ್ಷಗಳಲ್ಲಿ ಪದರ ಕಟ್ಟುತ್ತದೆ. ಅದನ್ನು ಕಳೆದರೆ ಕೆಳಗಿನ ಬೆಳ್ಳಿಯ ಒಂದು ತೆಳುಪದರವೂ ಹೋಗುತ್ತದೆ. ನೂರು ವರ್ಷ ಕಾಯ್ದ ನಾಣ್ಯದ ಬೆಲೆ ಒಂದು ಚಿಟಿಕೆ ವಿಭೂತಿಯಲ್ಲಿ ಅರ್ಧವಾಗುತ್ತದೆ. ಎಷ್ಟೋ ಮನೆಗಳಲ್ಲಿ, ಮಾರುವ ಹಿಂದಿನ ದಿನ, ‘ಕೊಳ್ಳುವವರಿಗೆ ಚೆನ್ನಾಗಿ ಕಾಣಲಿ’ ಎಂಬ ಸದುದ್ದೇಶದಿಂದಲೇ ಈ ಅನಾಹುತ ನಡೆದುಹೋಗುತ್ತದೆ. ಅಂಥವರನ್ನು ಮೋಸಗಾರರೆನ್ನುವುದು ಅನ್ಯಾಯ. ಆದರೆ ಗಂಧಕವನ್ನೂ ಶಾಖವನ್ನೂ ಪ್ರಯೋಗಿಸಿ ಒಂದೇ ವಾರದಲ್ಲಿ ಕಾಮನಬಿಲ್ಲಿನ ಬಣ್ಣಗಳನ್ನು ಬರಿಸುವ ಜಾಣರೂ ಇದ್ದಾರೆ. ಅವರಿಗೆ ಆ ವಿನಾಯಿತಿ ಸಲ್ಲದು. ಇನ್ನೂ ಜಾಣರಾದವರು ನಾಣ್ಯವನ್ನು ಮುಟ್ಟುವುದೇ ಇಲ್ಲ. ಫೋನಿನಲ್ಲಿ ಚಿತ್ರದ ಬಣ್ಣವನ್ನೇ ಏರಿಸುತ್ತಾರೆ. ಅಂಥ ಚಿತ್ರದಲ್ಲಿ ನಾಣ್ಯದ ಪಕ್ಕದಲ್ಲಿರುವ ಬೆರಳಿನ ಬಣ್ಣವನ್ನು ನೋಡಬೇಕು. ಬೆರಳು ಕಿತ್ತಳೆಯಂತಿದ್ದರೆ ನಾಣ್ಯದ ನೀಲಿಯನ್ನು ನಂಬಬಾರದು.

ಬಸವನಗುಡಿಯ ಗೃಹಸ್ಥರ ವಿಚಾರ ಹಾಗೆಯೇ ಉಳಿಯಿತು. ಅವರು ಫೋನನ್ನು ಮನೆಯಾಕೆಯ ಮುಂದೆ ಹಿಡಿಯುತ್ತಾರೆ. ಎಷ್ಟು ಚೆನ್ನಾಗಿದೆ ನೋಡು ಎಂಬುದು ಅವರ ಅಭಿಪ್ರಾಯ. ಆಕೆ ಕನ್ನಡಕವನ್ನು ಸರಿಪಡಿಸಿಕೊಂಡು ಒಂದು ಗಳಿಗೆ ನೋಡುತ್ತಾರೆ.

“ಇದು ತಿಕ್ಕಿದ ಬೆಳ್ಳಿ ಕಣ್ರೀ. ಬಯಲೆಲ್ಲ ಬೆಳ್ಳಗಿದೆ, ಅಕ್ಷರದ ಸಂದೀಲಿ ನೋಡಿ, ಕೈ ಹೋಗಿಲ್ಲ, ಕಪ್ಪು ಹಾಗೇ ಕೂತಿದೆ. ನಮ್ಮ ದೀಪದ ಕಂಬದ ಸಂದೀಲೂ ಹೀಗೇ ಉಳಿಯತ್ತಲ್ಲ.”

ನಲವತ್ತು ವರ್ಷ ಬೆಳ್ಳಿ ತಿಕ್ಕಿದ ಕೈಯ ಈ ಮಾತನ್ನು ಯಾವ ನಾಣ್ಯಶಾಸ್ತ್ರಜ್ಞನೂ ತಳ್ಳಿಹಾಕಲಾರನು. ಸಹಜವಾಗಿ ಬಣ್ಣ ಕಟ್ಟಿದ ನಾಣ್ಯದಲ್ಲಿ ಬಯಲಿಗೂ ಅಕ್ಷರದ ಸಂದಿಗೂ ನಡುವೆ ಬಣ್ಣವು ಮೆಲ್ಲನೆ ಇಳಿಯುತ್ತದೆ. ತಿಕ್ಕಿದ ನಾಣ್ಯದಲ್ಲಾದರೋ ಬಯಲು ಬೆಳ್ಳಗೆ, ಸಂದಿ ಕಪ್ಪಗೆ, ನಡುವೆ ಗೆರೆ ಹೊಡೆದಂತೆ ಇರುತ್ತದೆ. ಹೊಸ ನಾಣ್ಯವೆಂದು ಹೇಳಿದ್ದರ ಮೊದಲನೆಯ ಕಂಬ ಅಲ್ಲಿಗೆ ಬಿದ್ದಿತು.

ಬೆಳಕೂ ಒಬ್ಬ ಪಕ್ಷಪಾತಿ ಸಾಕ್ಷಿ. ನಾಣ್ಯದ ನೇರ ಮೇಲಿನಿಂದ ಬಿದ್ದ ಪ್ರಖರವಾದ ಬೆಳಕಿನಲ್ಲಿ ತಿಕ್ಕಿದ ಸೂಕ್ಷ್ಮ ಗೀರುಗಳೆಲ್ಲ ಅಡಗಿಹೋಗುತ್ತವೆ. ಪಕ್ಕದಿಂದ, ನೆಲಮಟ್ಟಕ್ಕೆ ಬಿದ್ದ ಬೆಳಕಿನಲ್ಲಿ ಅವೇ ಗೀರುಗಳು ಬೇಸಾಯದ ಹೊಲದ ಸಾಲುಗಳಂತೆ ಎದ್ದು ಕಾಣುತ್ತವೆ. ಆ ಬೆಳಕಿನಲ್ಲಿ ತೀರ ಒಳ್ಳೆಯ ನಾಣ್ಯವೂ ಗಾಯಾಳುವಾಗಿ ತೋರುವುದರಿಂದ, ಒಂದು ಚಿತ್ರವನ್ನು ನೋಡಿ ಹೊಗಳುವುದೂ ತಪ್ಪು, ತೆಗಳುವುದೂ ತಪ್ಪು. ಹಾಗೆಯೇ ಗಾತ್ರ. ನೆಲಗಡಲೆಯ ಅರ್ಧ ಬೇಳೆಯಷ್ಟೂ ಇಲ್ಲದ ಚಿನ್ನದ ಹಣವನ್ನು ಪರದೆಯ ತುಂಬ ಹಿಗ್ಗಿಸಿದರೆ ಅದರ ಮೇಲಿನ ಧೂಳಿನ ಕಣವೂ ಬಂಡೆಯಾಗುತ್ತದೆ. ರೂಪಾಯಿಯನ್ನು ಹೆಬ್ಬೆರಳುಗುರಿನಷ್ಟು ಚಿತ್ರಕ್ಕೆ ಕುಗ್ಗಿಸಿದರೆ ಅದರ ಗಾಯಗಳೆಲ್ಲ ಮಾಯ. ಕಾಗದವನ್ನು ನಕಲು ತೆಗೆಯುವ ಸ್ಕ್ಯಾನರಿನಲ್ಲಿಟ್ಟು ತೆಗೆದ ಚಿತ್ರವಂತೂ ಕಾಂತಿಯನ್ನೂ ಸವಕಳಿಯನ್ನೂ ಒಟ್ಟಿಗೆ ನುಂಗಿಬಿಡುತ್ತದೆ.

ನೂರಕ್ಕೆ ತೊಂಬತ್ತು ಮಾರಾಟಗಾರರು ತೋರಿಸುವುದು ನಾಣ್ಯದ ಎರಡು ಮುಖಗಳನ್ನು. ನಾಣ್ಯಕ್ಕೆ ಮೂರನೆಯ ಮುಖವೊಂದುಂಟು, ಅದು ಅಂಚು. ಭಾರತದ ರೂಪಾಯಿಗಳ ಮಟ್ಟಿಗೆ ಆ ಮೂರನೆಯ ಮುಖವೇ ಬಹುಮುಖ್ಯ. ಕಾರಣವು ನಮ್ಮ ಹೆಂಗಸರ ಕೊರಳಿನಲ್ಲಿದೆ. ಕಾಸಿನ ಸರ, ರೂಪಾಯಿ ಸರಗಳನ್ನು ಮಾಡಿಸುವಾಗ ಅಕ್ಕಸಾಲಿಯು ಒಂದೊಂದು ನಾಣ್ಯದ ನೆತ್ತಿಗೂ ಒಂದು ಕೊಂಡಿಯನ್ನು ಬೆಸೆಯುತ್ತಿದ್ದನು. ಮುಂದೆ ಮನೆಯಲ್ಲಿ ಪಾಲಾದಾಗಲೋ, ಕಷ್ಟ ಬಂದಾಗಲೋ ಸರ ಬಿಚ್ಚಿತು, ಕೊಂಡಿ ಕಳಚಿತು, ನಾಣ್ಯ ಮತ್ತೆ ನಾಣ್ಯವಾಯಿತು. ಆದರೆ ಬೆಸುಗೆಯ ಗಾಯ ಉಳಿಯಿತು. ದೊರೆಯ ಕಿರೀಟದ ಮೇಲೆ, ಗಡಿಯಾರದಲ್ಲಿ ಹನ್ನೆರಡು ಗಂಟೆಯ ಸ್ಥಾನದಲ್ಲಿ, ಅಂಚಿನ ಗೀರುಗಳು ಕರಗಿ ಒಂದು ಸಣ್ಣ ಬೋಳು ಕಾಣುತ್ತದೆ. ಅಲ್ಲಿ ಅರ ಹಾಕಿ ಮತ್ತೆ ಗೀರು ಕೆತ್ತುವ ನಿಪುಣರೂ ಇಲ್ಲದಿಲ್ಲ. ಮುಂಭಾಗದ ಚಿತ್ರದಲ್ಲಿ ಬೆರಳು ಸರಿಯಾಗಿ ಆ ಜಾಗವನ್ನೇ ಹಿಡಿದುಕೊಂಡಿದ್ದರೆ, ಕೊಳ್ಳುವವನು ಎಚ್ಚರಗೊಳ್ಳಬೇಕು. ನಾಣ್ಯವನ್ನು ಹಿಡಿಯಲು ಮೂರು ಪಕ್ಕ ಬೇರೆ ಇವೆ.

ನಮ್ಮ ಗೃಹಸ್ಥರ ಫೋನಿನಲ್ಲಿದ್ದ ಚಿತ್ರದಲ್ಲಿ ಬೆರಳು ಹಿಡಿದುಕೊಂಡಿದ್ದುದು ಅಲ್ಲಿಯೇ.

ಅಪ್ಪಟ ಖೋಟಾ ನಾಣ್ಯಗಳ ವಿಷಯವನ್ನು ಹೇಳಲು ಹೊರಟರೆ ಈ ಪುಟ ಸಾಲದು. ಆದರೆ 1911ರ ರೂಪಾಯಿಯ ಒಂದು ಅನುಕೂಲವನ್ನು ಹೇಳಲೇಬೇಕು. ಬೇರೆ ಇಸವಿಯ ರೂಪಾಯಿಯ ಕೊನೆಯ ಅಂಕೆಯನ್ನು ಕೆರೆದು ಒಂದನ್ನಾಗಿ ತಿದ್ದಿದವನು ಆನೆಯನ್ನು ತಿದ್ದಲಾರನು. ಇಸವಿ 1911 ಎಂದಿದ್ದು ಆನೆಯ ಸೊಂಡಿಲು ಒಪ್ಪವಾಗಿ ಇಳಿದಿದ್ದರೆ, ಅಲ್ಲಿ ಪರೀಕ್ಷೆ ಮುಗಿಯಿತು. ಇನ್ನೊಂದು ಉಪಾಯ: ಪ್ರತಿಯೊಂದು ಹಳೆಯ ನಾಣ್ಯಕ್ಕೂ ಅದರದೇ ಆದ ಗಾಯಗಳಿರುತ್ತವೆ, ಬೆರಳಚ್ಚಿನಂತೆ. ಇಬ್ಬರು ಬೇರೆ ಬೇರೆ ಊರಿನ ಮಾರಾಟಗಾರರ ನಾಣ್ಯಗಳಲ್ಲಿ ಕೆನ್ನೆಯ ಮೇಲಿನ ಗೀರು ಒಂದೇ ಜಾಗದಲ್ಲಿ, ಒಂದೇ ಉದ್ದದಲ್ಲಿ ಇದ್ದರೆ, ಒಂದೋ ಒಬ್ಬನು ಇನ್ನೊಬ್ಬನ ಚಿತ್ರವನ್ನು ಕದ್ದಿದ್ದಾನೆ, ಇಲ್ಲವೆ ಎರಡೂ ಒಂದೇ ಎರಕದ ಮಕ್ಕಳು. ಇನ್ನು ರಾಮ ಸೀತೆಯರೋ ಹನುಮಂತನೋ ಇರುವ, 1818ರ ಇಸವಿ ಹೊತ್ತ ‘ಈಸ್ಟ್ ಇಂಡಿಯಾ ಕಂಪೆನಿಯ ಅರ್ಧ ಆಣೆ’ಗಳಿಗೆ ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ. ಅಂಥ ಅರ್ಧ ಆಣೆಯನ್ನು ಕಂಪೆನಿಯು ಎಂದೂ ಚಲಾವಣೆಗೆ ತಂದುದಿಲ್ಲ. ಅವುಗಳ ಸ್ಥಿತಿಯನ್ನು ವಿಚಾರಿಸುವುದೇ ವ್ಯರ್ಥ.

ಮಾರುವವರೂ ಮೋಸ ಹೋಗುವ ದಾರಿಯುಂಟು. ‘ನಿಮ್ಮ ಮನೆಯ ಹಳೆಯ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ, ಮೊದಲು ತೆರಿಗೆಯ ಬಾಬ್ತು ಇಷ್ಟು ಕಳುಹಿಸಿ’ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಹಣ ಕೀಳುವವರ ವಿಷಯದಲ್ಲಿ ಸ್ವತಃ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಅಂಥ ವ್ಯವಹಾರಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲ. ನೂರು ವರ್ಷ ತುಂಬಿದ ನಾಣ್ಯವು 1972ರ ಕಾಯಿದೆಯ ಪ್ರಕಾರ ಪುರಾವಸ್ತು; ಹೊರದೇಶದ ಗಿರಾಕಿಗೆ ಅಂಚೆಯಲ್ಲಿ ಕಳುಹಿಸಿಬಿಡುವ ಸಾಹಸವನ್ನು ಯಾರೂ ಮಾಡಬಾರದು.

ಚಿತ್ರವನ್ನು ನಂಬಲಾಗದವರು ಅಂಕವನ್ನು ನಂಬುತ್ತಾರೆ. ನಾಣ್ಯದ ಸ್ಥಿತಿಗೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಪದ್ಧತಿ ಅಮೆರಿಕದಿಂದ ಬಂದುದು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನು ಅಲ್ಲಿಯ ಹಳೆಯ ತಾಮ್ರದ ಸೆಂಟುಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ಮುಂದಿಟ್ಟನು. ಎಪ್ಪತ್ತು ಅಂಕದ ನಾಣ್ಯವು ಒಂದು ಅಂಕದ ನಾಣ್ಯಕ್ಕಿಂತ ಎಪ್ಪತ್ತು ಪಾಲು ಬೆಲೆಬಾಳಬೇಕೆಂಬುದು ಆತನ ಮೂಲ ಎಣಿಕೆ. ಬೆಲೆಯ ಎಣಿಕೆ ಬೇಗನೆ ಮುರಿದುಬಿದ್ದಿತು, ಅಂಕಗಳು ಉಳಿದುವು. 1986ರಿಂದೀಚೆಗೆ ಅಮೆರಿಕದ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ಬರೆದು, ಪಾರದರ್ಶಕವಾದ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿ ಕೊಡುವ ವ್ಯವಸ್ಥೆ ಬೆಳೆದು, ನಮ್ಮ ದೇಶದ ರೂಪಾಯಿಗಳೂ ಸಮುದ್ರ ದಾಟಿ ಅಂಕ ಪಡೆಯಬಯಸುವ ಕಾಲ ಬಂದಿದೆ. ಇದರಿಂದ ಪ್ರಯೋಜನವಿಲ್ಲದಿಲ್ಲ. ಆದರೆ ಪೆಟ್ಟಿಗೆಯನ್ನೇ ನಕಲು ಮಾಡುವವರು ಹುಟ್ಟಿಕೊಂಡಿರುವುದರಿಂದ, ಅದರ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡದೆ ಕೊಳ್ಳಬಾರದು.

ಶೆಲ್ಡನ್ ಮಹಾಶಯನ ಕಥೆಗೆ ಒಂದು ಬಾಲವಿದೆ. ಆತನು 1977ರಲ್ಲಿ ತೀರಿಕೊಂಡ ಅನಂತರ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮವಾದ ಸೆಂಟುಗಳನ್ನು ಆತನು ತೆಗೆದುಕೊಂಡು, ಅವುಗಳ ಜಾಗದಲ್ಲಿ ತನ್ನ ಕಳಪೆ ನಾಣ್ಯಗಳನ್ನು ಇಟ್ಟಿದ್ದನೆಂಬುದು ಹೊರಬಿದ್ದು, ವಿಷಯ ನ್ಯಾಯಾಲಯದವರೆಗೆ ಹೋಯಿತು. ಅದನ್ನು ಹಿಡಿದುಕೊಟ್ಟುವು ಆ ನಾಣ್ಯಗಳ ಹಳೆಯ ಛಾಯಾಚಿತ್ರಗಳು. ಅಂಕಗಳ ಜನಕನನ್ನು ಚಿತ್ರಗಳು ಸೋಲಿಸಿದುವು. ಅಂದಮೇಲೆ ಛಾಯಾಚಿತ್ರವು ಸುಳ್ಳು ಹೇಳುವುದಕ್ಕೇ ಹುಟ್ಟಿತೆಂದು ದೂರುವಂತಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಅದು ನಿಜವನ್ನೂ ಹೇಳುತ್ತದೆ.

ಬಸವನಗುಡಿಯ ಗೃಹಸ್ಥರು ಕೇಳಿದ್ದು ಮೂರು ಪ್ರಶ್ನೆಗಳನ್ನು. ನಾಣ್ಯವನ್ನು ಓರೆಮಾಡಿ ತೆಗೆದ ವಿಡಿಯೊ ಕಳುಹಿಸುವಿರಾ? ಸುತ್ತಲೂ ಅಂಚಿನ ಚಿತ್ರ, ಬೆರಳಿಲ್ಲದೆ, ಕಳುಹಿಸುವಿರಾ? ತೂಕವೆಷ್ಟು? ಮೂರನೆಯ ಪ್ರಶ್ನೆ ಹಳೆಯ ಚಿನಿವಾರನದು. ಅಚ್ಚಾದಾಗ ರೂಪಾಯಿಯ ತೂಕ 180 ಗ್ರೇನು, ಎಂದರೆ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿಯನ್ನು ಹಿಂದಿನ ಸರ್ಕಾರದ ಕಾಯಿದೆಯೇ ಚಲಾವಣೆಗೆ ಅಯೋಗ್ಯವೆನ್ನುತ್ತಿತ್ತು. ಅಂದರೆ 11.43ರ ಕೆಳಗೆ ಇಳಿದಿದ್ದರೆ ಯೋಚಿಸಬೇಕು. 10ಕ್ಕೆ ಇಳಿದಿದ್ದರೆ ಯೋಚಿಸುವ ಅಗತ್ಯವೂ ಇಲ್ಲ. ಇವುಗಳ ಜೊತೆಗೆ ಅವರು ಒಂದು ಷರತ್ತನ್ನೂ ಬರೆದರು: ವರ್ಣನೆಗೆ ತಕ್ಕಂತೆ ಇಲ್ಲದಿದ್ದರೆ ಒಂದು ವಾರದೊಳಗೆ ಹಿಂದಕ್ಕೆ ತೆಗೆದುಕೊಳ್ಳಬೇಕು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ವಿಡಿಯೊ ಬಂದಿತು. ಚಕ್ರ ಸುತ್ತಲಿಲ್ಲ. ಕಿರೀಟದ ಮುತ್ತುಗಳಲ್ಲಿ ನಡುವಿನವು ಕೂಡಿಹೋಗಿದ್ದುವು. ನೆತ್ತಿಯ ಅಂಚಿನಲ್ಲಿ, ಹನ್ನೆರಡು ಗಂಟೆಯ ಜಾಗದಲ್ಲಿ, ಅಕ್ಕಿಕಾಳಿನಷ್ಟು ಬೋಳು. ಆನೆ ಮಾತ್ರ, ಅಥವಾ ಹಂದಿ, ಸ್ಪಷ್ಟವಾಗಿತ್ತು. ಮಾರಾಟಗಾರನು ಕೆಟ್ಟವನಾಗಿರಲಿಲ್ಲ; ಅದು ತನ್ನ ಅಜ್ಜಿಯ ಸರದ ರೂಪಾಯಿಯೆಂದೂ, ಚಿತ್ರ ತೆಗೆಯುವ ಮುಂಚೆ ಮನೆಯಲ್ಲಿ ತೊಳೆದದ್ದು ನಿಜವೆಂದೂ, ‘ಚಲಾವಣೆಯಾಗದ’ ಎಂಬ ಮಾತನ್ನು ಎಲ್ಲರೂ ಬರೆಯುವುದರಿಂದ ತಾನೂ ಬರೆದದ್ದೆಂದೂ ಒಪ್ಪಿಕೊಂಡನು. ಬೆಲೆ ಇಳಿಯಿತು, ಮೊದಲು ಹೇಳಿದ್ದರ ಐದರಲ್ಲಿ ಒಂದು ಪಾಲಿಗೆ. ತಾರಸಿಯ ಕೆಲಸದವನಿಗೆ ಮುಂಗಡ ಕೊಟ್ಟ ಮೇಲೆ ಗೃಹಸ್ಥರು ಅದನ್ನು ಕೊಂಡರು.

ನಾಣ್ಯ ಬಂದ ದಿನ ಅದನ್ನು ತೂಗಿದರು, 11.57 ಗ್ರಾಂ. ಖಾಲಿಯಿದ್ದ ಗೂಡಿನಲ್ಲಿ ಕೂಡಿಸುವುದರೊಳಗೆ ಮನೆಯಾಕೆ ಅದನ್ನು ಅಂಗೈಯಲ್ಲಿಟ್ಟುಕೊಂಡು, ಬೆಸುಗೆಯ ಗಾಯವನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಯಾರ ಕೊರಳಿನದೋ ಏನೋ, ಈ ಸಲ ಹಬ್ಬಕ್ಕೆ ಇದನ್ನೂ ಲಕ್ಷ್ಮಿಯ ಮುಂದೆ ಇಡೋಣ ಎಂದರು.

“ಇಡು. ವಿಭೂತಿ ಮಾತ್ರ ಮುಟ್ಟಿಸಕೂಡದು.”

“ಕುಂಕುಮ?”

ಗೃಹಸ್ಥರು ಸ್ವಲ್ಪ ಹೊತ್ತು ಯೋಚಿಸಿ, ಕುಂಕುಮವನ್ನು ನಾಣ್ಯದ ಪಕ್ಕದಲ್ಲಿ, ತಟ್ಟೆಯ ಮೇಲೆ ಇಡಬಹುದೆಂದು ಅಪ್ಪಣೆ ಕೊಟ್ಟರು.